ಉತ್ತರ ಸರಿ, ಸ್ಟೆಪ್ಸ್ ಎಲ್ಲಿ?

ಗಣಿತದಲ್ಲಿ ಸರಿ ಅಂದರೆ ಸರಿ, ತಪ್ಪು ಅಂದರೆ ತಪ್ಪು, ಪೇಪರ್ ತಿದ್ದುವವರ ಮರ್ಜಿಗೆ ಅಲ್ಲಿ ಜಾಗವೇ ಇಲ್ಲ ಎಂದು ನಮ್ಮಲ್ಲೊಂದು ನಂಬಿಕೆ ಇದೆ. ಹೀಗೆ ನಂಬಿದವರಲ್ಲಿ ಮುಂದಿನ ಸಾಲಿನವರು ಕನ್ನಡ ಮೇಷ್ಟ್ರುಗಳು. ಪ್ರಬಂಧಕ್ಕೆ ಏಳು ಯಾಕೆ, ಎಂಟು ಯಾಕಲ್ಲ ಎಂದು ಪೋಷಕರಿಂದ ಅನ್ನಿಸಿಕೊಂಡು ಅನ್ನಿಸಿಕೊಂಡು ಅವರಿಗೆ ಗಣಿತದವರನ್ನು ಕಂಡರೆ ಹೊಟ್ಟೆಕಿಚ್ಚು. ದ್ವಿತೀಯ ಪಿಯುಸಿ ಗಣಿತದ ಮೌಲ್ಯಮಾಪನ ಕ್ಯಾಂಪಿನಲ್ಲಿ ಒಂದು ಮಧ್ಯಾಹ್ನ ಕೂತು ಬಂದರೆ ಆ ಕಿಚ್ಚು ತಾನಾಗಿ ಆರುತ್ತದೆ. ಅಲ್ಲಿ ಉತ್ತರ ಸರಿಯಿದೆಯೇ ಎನ್ನುವುದು ವಿಚಾರಣೆಯ ಕಟ್ಟಕಡೆಯ ಪ್ರಶ್ನೆ. ಆ ಪ್ರಶ್ನೆಯ ಸರದಿ ಬರುವ ಹೊತ್ತಿಗೆ ಹಂಚುವುದಕ್ಕೆ ಉಳಿದಿರುವುದು ಒಂದೇ ಅಂಕ.

ಕ್ಯಾಂಪನ್ನು ಆಳುವುದು ಕ್ಯಾಂಪ್ ಆಫೀಸರ್ ಎಂದು ಬೋರ್ಡಿನ ಮೇಲೆ ಬರೆದಿರುತ್ತದೆ. ನಿಜವಾಗಿ ಆಳುವುದು ಸ್ಕೀಮು. ಯಾವ ಪ್ರಶ್ನೆಯ ಯಾವ ಹಂತಕ್ಕೆ ಎಷ್ಟು ಅಂಕ ಎಂದು ಪಟ್ಟಿ ಮಾಡಿದ ಆ ಕೆಲವು ಹಾಳೆಗಳು ಕೈಗೆ ಬಂದಮೇಲೆ, ಇಪ್ಪತ್ತು ವರ್ಷ ಕ್ಯಾಲ್ಕುಲಸ್ ಪಾಠ ಮಾಡಿದ ಉಪನ್ಯಾಸಕರೂ ತಮ್ಮ ಬುದ್ಧಿಯನ್ನು ಗೇಟಿನ ಹತ್ತಿರ ಮೊಬೈಲ್ ಜೊತೆಗೇ ಒಪ್ಪಿಸಿ ಒಳಗೆ ಬರುತ್ತಾರೆ.

ಸ್ಕೀಮು ಗಣಿತವನ್ನು ಹೇಗೆ ಕಾಣುತ್ತದೆ ಎಂದು ತಿಳಿಯಬೇಕಾದರೆ ಐದು ಅಂಕದ ಆ ಹಳೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ: ಅನುಕಲನದಿಂದ ವೃತ್ತದ ವಿಸ್ತೀರ್ಣ ಕಂಡುಹಿಡಿಯಿರಿ. ಉತ್ತರ ಏಳನೇ ಕ್ಲಾಸಿನ ಮಗುವಿಗೂ ಗೊತ್ತು, ಪೈ ಆರ್ ಸ್ಕ್ವೇರ್. ಹಾಗಾಗಿ ಉತ್ತರಕ್ಕೆ ಬೆಲೆಯಿಲ್ಲ, ಇರಲಿ, ನ್ಯಾಯವೇ. ಚಿತ್ರ ಬರೆಯಬೇಕು, ಮೊದಲನೇ ಪಾದದಲ್ಲಿ ಗೆರೆ ಗೆರೆ ಹಾಕಿ ಶೇಡ್ ಮಾಡಬೇಕು, ನಾಲ್ಕರಿಂದ ಗುಣಿಸಬೇಕು, ಸೊನ್ನೆಯಿಂದ ತ್ರಿಜ್ಯದವರೆಗೆ ಎಂದು ಮಿತಿ ಹಾಕಬೇಕು, ಆ ಉದ್ದನೆಯ ಸೂತ್ರವನ್ನು ತಪ್ಪಿಲ್ಲದೆ ಇಳಿಸಬೇಕು, ಬೆಲೆಗಳನ್ನು ತುಂಬಬೇಕು, ಆಮೇಲೆ ಏಳನೇ ಕ್ಲಾಸಿಗೆ ಬಂದು ಸೇರಬೇಕು. ಸತ್ಯನಾರಾಯಣ ಪೂಜೆಯಲ್ಲಿ ಸಂಕಲ್ಪ ಮಾಡಿಸದೆ ನೇರ ಪ್ರಸಾದಕ್ಕೆ ಕೈಯೊಡ್ಡಿದವನನ್ನು ಪುರೋಹಿತರು ನೋಡುವ ಹಾಗೆ, ಅನುಕಲನವನ್ನು ‘ಐ ಎಂದಿಟ್ಟುಕೊಳ್ಳೋಣ’ ಎನ್ನದೆ ಲೆಕ್ಕಕ್ಕೆ ಕೈ ಹಾಕಿದವನನ್ನು ಸ್ಕೀಮು ನೋಡುತ್ತದೆ.

ಇದರ ಒಳಗುಟ್ಟು ಮೊದಲು ತಿಳಿದದ್ದು ಗಣಿತ ಬಾರದವರಿಗೆ. ನಮ್ಮ ಕಾಲೇಜುಗಳಲ್ಲಿ ಡಿಸೆಂಬರ್ ಕಳೆಯುತ್ತಿದ್ದ ಹಾಗೆ ‘ಪಾಸಿಂಗ್ ಪ್ಯಾಕೇಜ್’ ಎಂಬ ಸಣ್ಣ ಪುಸ್ತಿಕೆ ಹೊರಬೀಳುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸುರುಳಿ ಬೈಂಡಿಂಗ್ ಮಾಡಿಸಿದ್ದು. ಅದರಲ್ಲಿ ಗಣಿತ ಇಲ್ಲ, ಬ್ಲೂಪ್ರಿಂಟ್ ಇದೆ. ಮ್ಯಾಟ್ರಿಕ್ಸ್ ವಿಧಾನದಿಂದ ಸಮೀಕರಣ ಬಿಡಿಸುವುದು ಐದು ಅಂಕ, ಗ್ಯಾರಂಟಿ. ಲೀನಿಯರ್ ಪ್ರೋಗ್ರಾಮಿಂಗ್ ಆರು ಅಂಕ, ಕೈ ಬಿಡಬೇಡಿ. ವೆಕ್ಟರ್ ಬಾರದಿದ್ದರೆ ಬಿಟ್ಟುಬಿಡಿ, ಸೂತ್ರ ಮಾತ್ರ ಬರೆದು ಬನ್ನಿ, ಸೂತ್ರಕ್ಕೂ ಅಂಕ ಇದೆ. ಎ ಇನ್ವರ್ಸ್ ಎಂದರೆ ಏನು ಎಂದು ಕೇಳಿದರೆ ಪ್ಯಾಕೇಜ್ ಓದಿದ ಹುಡುಗಿ ಬೆಬ್ಬೆಬ್ಬೆ ಅನ್ನುತ್ತಾಳೆ. ಆದರೆ ಅದು ಉತ್ತರಪತ್ರಿಕೆಯ ಯಾವ ಸಾಲಿನಲ್ಲಿ ಬರಬೇಕು, ಅದಕ್ಕೆ ಮೊದಲು ಡಿಟರ್ಮಿನೆಂಟ್ ಸೊನ್ನೆಯಲ್ಲ ಎಂದು ಬರೆದರೆ ಎಷ್ಟು ಸಿಗುತ್ತದೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಾಳೆ. ನಾನು ಇದನ್ನು ಆಡಿಕೊಳ್ಳುತ್ತಿಲ್ಲ. ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮದಲ್ಲಿ ಓದಿ, ಜೂನ್ ತಿಂಗಳಲ್ಲಿ ಏಕಾಏಕಿ ಇಂಗ್ಲಿಷಿನ ಕ್ಯಾಲ್ಕುಲಸ್ ಎದುರಿಗೆ ಬಂದು ನಿಂತ ಮಗುವನ್ನು ದಡ ಮುಟ್ಟಿಸಿದ್ದು ಇದೇ ಪ್ಯಾಕೇಜು. ಸ್ಕೀಮಿನ ದಯೆ ಇರುವುದು ಇಲ್ಲಿ: ಏನೂ ಗೊತ್ತಿಲ್ಲದವರನ್ನು ಅದು ಬರಿಗೈಯಲ್ಲಿ ಕಳಿಸುವುದಿಲ್ಲ. ಅದರ ಕಷ್ಟವೆಲ್ಲ ಗೊತ್ತಿದ್ದವರ ಜೊತೆ.

ಹೀಗೊಂದು ಉತ್ತರಪತ್ರಿಕೆ ಕ್ಯಾಂಪಿಗೆ ಬಂತು ಎಂದುಕೊಳ್ಳಿ.

ಪ್ರಶ್ನೆ ಕೊನೆಯ ಭಾಗದ್ದು, ಆರು ಅಂಕದ್ದು. ಸೊನ್ನೆಯಿಂದ ಎ ವರೆಗಿನ ಅನುಕಲನದಲ್ಲಿ ಎಕ್ಸ್ ಇದ್ದ ಕಡೆ ಎ ಮೈನಸ್ ಎಕ್ಸ್ ಹಾಕಿದರೂ ಬೆಲೆ ಬದಲಾಗುವುದಿಲ್ಲ ಎಂಬ ಗುಣಲಕ್ಷಣ ಸಾಧಿಸಬೇಕು, ಅದಕ್ಕೆ ಮೂರು. ಅದನ್ನು ಬಳಸಿ ಒಂದು ಲೆಕ್ಕ ಮಾಡಬೇಕು, ಅದಕ್ಕೆ ಮೂರು. ಲೆಕ್ಕ ಯಾವುದೆಂದರೆ, ಎನ್‌ಸಿಇಆರ್‌ಟಿ ಪುಸ್ತಕ ತೆರೆದ ಯಾರಿಗೂ ಮುಖಪರಿಚಯ ಇರುವಂಥದ್ದು: ಮೇಲೆ ರೂಟ್ ಸೈನ್ ಎಕ್ಸ್, ಕೆಳಗೆ ರೂಟ್ ಸೈನ್ ಎಕ್ಸ್ ಪ್ಲಸ್ ರೂಟ್ ಕಾಸ್ ಎಕ್ಸ್, ಸೊನ್ನೆಯಿಂದ ಪೈ ಬೈ ಟೂ ವರೆಗೆ. ಹುಡುಗ ಗುಣಲಕ್ಷಣವನ್ನು ಕ್ರಮಬದ್ಧವಾಗಿ ಸಾಧಿಸಿದ್ದಾನೆ, ಮೂರು ಅಂಕ ಜೇಬಿಗೆ ಬಿತ್ತು. ಲೆಕ್ಕಕ್ಕೆ ಬಂದಾಗ ಅವನಿಗೆ ಏನನ್ನಿಸಿತೋ, ಒಂದು ಆಯತ ಬರೆದಿದ್ದಾನೆ. ಅಗಲ ಪೈ ಬೈ ಟೂ, ಎತ್ತರ ಒಂದು. ಅದರೊಳಗೆ ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ ಹತ್ತುವ ಒಂದು ಗೆರೆ. ಕೆಳಗೆ ಹೀಗೆ ಬರೆದಿದ್ದಾನೆ: ಈ ತುದಿಯಿಂದ ಅಳೆದರೆ ಸೈನ್, ಆ ತುದಿಯಿಂದ ಅಳೆದರೆ ಕಾಸ್. ಎರಡನ್ನೂ ಕೂಡಿಸಿದರೆ ಯಾವಾಗಲೂ ಒಂದು. ಆದ್ದರಿಂದ ಹಾಳೆಯನ್ನು ತಲೆಕೆಳಗು ಮಾಡಿ ನೋಡಿದರೂ ಗೆರೆ ಇದೇ. ಅಂದರೆ ಅದು ಆಯತವನ್ನು ಸಮ ಎರಡು ಪಾಲು ಮಾಡಿದೆ. ಆಯತ ಪೈ ಬೈ ಟೂ, ಉತ್ತರ ಪೈ ಬೈ ಫೋರ್.

ಇಷ್ಟೇ. ಆ ಪುಟದಲ್ಲಿ ಇನ್ನೂ ಮುಕ್ಕಾಲು ಜಾಗ ಖಾಲಿ. ತಿದ್ದುತ್ತಿದ್ದವರು ತಂಡದ ಚೀಫ್‌ರನ್ನು ಕರೆದರು.

“ಸಾರ್, ಒಂಚೂರು ಇಲ್ಲಿ ನೋಡಿ.”

“ಏನ್ರೀ, ಪೇಜ್ ಹರಿದಿದೆಯಾ?”

“ಇಲ್ಲ ಸಾರ್. ಇಂಟಿಗ್ರಲ್‌ಗೆ ಚಿತ್ರ ಬರ್ದಿದಾನೆ.”

“ಚಿತ್ರಕ್ಕೆ ಸ್ಕೀಮಲ್ಲಿ ಮಾರ್ಕ್ಸ್ ಇದ್ಯಾ?”

“ಇಲ್ಲ ಸಾರ್.”

“ಮತ್ತೆ ಹೊಡೀರಿ.”

“ಆನ್ಸರ್ ಸರಿ ಇದೆ ಸಾರ್.”

“ಆನ್ಸರ್ ಪಕ್ಕದವನದು ಕಂಡ್ರೆ ಯಾರ್ ಬೇಕಾದ್ರೂ ಬರೀತಾರೆ ಕಣ್ರೀ. ಸ್ಟೆಪ್ಸ್ ಎಲ್ಲಿ? ಟೂ ಐ ಈಕ್ವಲ್ಸ್ ಅಂತ ಎಲ್ಲಾದ್ರೂ ಬರ್ದಿದಾನಾ?”

“ಕೂಡಿಸಿದ್ರೆ ಒಂದು ಅಂತ ಮಾತಲ್ಲಿ ಬರ್ದಿದಾನೆ.”

“ಮಾತಲ್ಲಿ ಬರೆಯೋಕೆ ಇದೇನ್ ಹಿಸ್ಟರಿ ಪೇಪರ್ರಾ?”

ಎದುರು ಬೆಂಚಿನ ಮೇಡಂ ಅಷ್ಟರಲ್ಲಿ ಉತ್ತರಪತ್ರಿಕೆ ಎಳೆದುಕೊಂಡು ನೋಡುತ್ತಿದ್ದರು. “ಸಾರ್, ನಾನು ತಿರುಗಿಸಿ ನೋಡಿದೆ. ನಿಜವಾಗ್ಲೂ ಅದೇ ಗೆರೆ ಬರುತ್ತೆ. ಆ ಪ್ರಾಪರ್ಟಿ ಅಂದ್ರೆ ಇದೇ ಅಲ್ವಾ? ಚೆನ್ನಾಗಿದೆ ಸಾರ್.”

“ತಿರುಗಿಸಿದ್ರಾ?” ಚೀಫ್ ಕನ್ನಡಕ ತೆಗೆದರು. “ಮೇಡಂ, ಒಂದೊಂದ್ ಪೇಪರನ್ನೂ ತಿರುಗಿಸ್ತಾ ಕೂತ್ರೆ ಇವತ್ತಿನ ಬಂಡಲ್ ಯಾವಾಗ ಮುಗಿಯುತ್ತೆ?”

ಕೊನೆಗೆ ಉತ್ತರಕ್ಕೆಂದು ಸ್ಕೀಮಿನಲ್ಲಿ ಇಟ್ಟಿದ್ದ ಒಂದು ಅಂಕ ಕೊಟ್ಟು, ಆರಕ್ಕೆ ನಾಲ್ಕು ಹಾಕಿ ಮುಂದೆ ಹೋದರು. ಮುಂದಿನ ಉತ್ತರಪತ್ರಿಕೆಯವನು ಐ ಎಂದಿಟ್ಟುಕೊಂಡಿದ್ದ, ಸಮೀಕರಣ ಒಂದು ಎಂದು ಬರೆದಿದ್ದ, ಸಮೀಕರಣ ಎರಡು ಎಂದು ಬರೆದಿದ್ದ, ಒಂದು ಮತ್ತು ಎರಡನ್ನು ಕೂಡಿಸಿ ಎಂದೂ ಬರೆದಿದ್ದ. ಟೂ ಐ ಈಕ್ವಲ್ಸ್ ಪೈ ಬೈ ಟೂ ವರೆಗೆ ಬಂದು, ಎರಡರಿಂದ ಭಾಗಿಸುವುದನ್ನು ಮರೆತು, ಪೈ ಬೈ ಟೂ ಎಂದೇ ಡಬ್ಬಿ ಕಟ್ಟಿ ಅಡಿಗೆರೆ ಎಳೆದಿದ್ದ. ಉತ್ತರ ಬೇಕಾದ್ದಕ್ಕಿಂತ ದುಪ್ಪಟ್ಟು, ಅಂಕವೂ ದುಪ್ಪಟ್ಟು: ಲೆಕ್ಕಕ್ಕೆ ಮೂರರಲ್ಲಿ ಎರಡು. ಯಾರೂ ಯಾರನ್ನೂ ಕರೆಯಲಿಲ್ಲ. ಅಂಥ ಉತ್ತರಪತ್ರಿಕೆಗೆ ಅರ್ಧ ನಿಮಿಷ ಸಾಕು.

ಹಾಗಾದರೆ ಬೇರೆ ದಾರಿಯಲ್ಲಿ ಹೋದವರಿಗೆ ಅಂಕ ಕೊಡಬಾರದೆಂದು ಎಲ್ಲಾದರೂ ಬರೆದಿದೆಯೇ ಎಂದು ಕೇಳಿದರೆ, ಇಲ್ಲ. ತದ್ವಿರುದ್ಧ. ಬೇರೆ ಯಾವುದೇ ಸರಿಯಾದ ವಿಧಾನ ಅನುಸರಿಸಿದ್ದರೂ ಪೂರ್ಣ ಅಂಕ ಕೊಡುವುದು ಎಂಬ ಸಾಲು ಸ್ಕೀಮುಗಳಲ್ಲೇ ಇರುತ್ತದೆ. ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳ ಹಾಗೆ ಆ ಸಾಲಿಗೆ ತುಂಬ ಗೌರವ ಇದೆ, ಅದನ್ನು ಹಿಡಿದುಕೊಂಡು ಯಾರೂ ಎಲ್ಲಿಗೂ ಹೋಗುವಂತಿಲ್ಲ. ಬೇರೆ ವಿಧಾನ ಸರಿಯೋ ತಪ್ಪೋ ಎಂದು ನಿರ್ಧರಿಸಬೇಕಾದರೆ ಅದನ್ನು ಓದಬೇಕು. ಓದಿ ಯೋಚಿಸಬೇಕು. ಏಪ್ರಿಲ್ ಸೆಕೆಯಲ್ಲಿ, ಕರಕರ ಎನ್ನುವ ಫ್ಯಾನಿನ ಕೆಳಗೆ, ದಿನಕ್ಕೆ ಇಂತಿಷ್ಟು ಮುಗಿಸಲೇಬೇಕೆಂಬ ಲೆಕ್ಕದ ನಡುವೆ, ಸರ್ಕಾರ ಉಪನ್ಯಾಸಕರಿಗೆ ಸಂಭಾವನೆ ಕೊಡುವುದು ಉತ್ತರಪತ್ರಿಕೆಯೊಂದಕ್ಕೆ ಇಷ್ಟು ಎಂದು, ಯೋಚನೆಯೊಂದಕ್ಕೆ ಇಷ್ಟು ಎಂದಲ್ಲ.

ಉಪನ್ಯಾಸಕರ ಕಡೆಯ ಮಾತನ್ನೂ ಹೇಳಲೇಬೇಕು, ಯಾಕೆಂದರೆ ಅದರಲ್ಲಿ ಹುರುಳಿದೆ. ಯಾದಗಿರಿಯ ಹುಡುಗಿಯ ಪತ್ರಿಕೆಯನ್ನು ಮೈಸೂರಿನವರು, ಮಂಗಳೂರಿನ ಹುಡುಗನದನ್ನು ಕಲಬುರಗಿಯವರು ತಿದ್ದಿದಾಗ ಇಬ್ಬರಿಗೂ ಒಂದೇ ನ್ಯಾಯ ಸಿಗಬೇಕಾದರೆ ಕೈಯಲ್ಲಿ ಒಂದೇ ಅಳತೆಗೋಲು ಬೇಕು. ಸ್ಕೀಮು ಇಲ್ಲದಿದ್ದರೆ ಒಬ್ಬರು ಉದಾರಿ, ಇನ್ನೊಬ್ಬರು ಜಿಪುಣ, ಮತ್ತೊಬ್ಬರು ಅವತ್ತು ಬೆಳಿಗ್ಗೆ ಮನೆಯಲ್ಲಿ ಜಗಳ ಮಾಡಿಕೊಂಡು ಬಂದವರು. ಉತ್ತರವೊಂದೇ ಸಾಲದು, ದಾರಿ ತೋರಿಸು ಎಂದು ಕೇಳುವುದು ಗಣಿತದ ಮರ್ಯಾದೆಯೂ ಹೌದು. ತಕರಾರು ಇರುವುದು ಒಂದೇ ವಿಷಯಕ್ಕೆ: ದಾರಿ ತೋರಿಸಿದವನನ್ನೇ ನಿಲ್ಲಿಸಿಕೊಂಡು, ಇದು ನಮ್ಮ ಬಸ್ಸಿನ ರೂಟಲ್ಲ ಎನ್ನುತ್ತೇವಲ್ಲ, ಅದಕ್ಕೆ.

ಸಿಬಿಎಸ್‌ಇಯವರು ಇನ್ನೂ ಸೂಕ್ಷ್ಮ ತಕ್ಕಡಿಯವರು. ಅವರ ಸ್ಕೀಮಿನಲ್ಲಿ ಅರ್ಧ ಅಂಕವೂ ಉಂಟು. ಅನುಕಲನದ ಕೊನೆಗೆ ಪ್ಲಸ್ ಸಿ ಹಾಕುವುದನ್ನು ಮರೆತ ಮಗುವಿಗೆ ಆ ಅರ್ಧದ ತೂಕ ಮನೆಯಲ್ಲಿ ಗೊತ್ತಾಗುತ್ತದೆ. “ಒಂದು ಸಿ ಹಾಕೋಕೆ ಏನಾಗಿತ್ತೋ ನಿಂಗೆ?” ಎಂದು ಕೇಳುವ ತಂದೆಗೆ ಆ ಸಿ ಯಾಕೆ ಬರುತ್ತದೆಂದು ಗೊತ್ತಿಲ್ಲ. ಮಗನಿಗೂ ಗೊತ್ತಿಲ್ಲ. ಹಾಕಬೇಕು ಅಷ್ಟೇ. ಉಗಾದಿಗೆ ಬೇವು ಯಾಕೆ ಎಂದು ಕೇಳಿದರೆ ಅಜ್ಜಿಯಾದರೂ ಕಾರಣ ಹೇಳುತ್ತಿದ್ದಳು.

ಇನ್ನು ಇದೇ ಮಕ್ಕಳ ಕಥೆ ಮುಂದೆ ಕೇಳಿ. ಮಾರ್ಚ್ ತಿಂಗಳಲ್ಲಿ ಹೆಜ್ಜೆ ಹೆಜ್ಜೆಗೂ ಲೆಕ್ಕ ಒಪ್ಪಿಸಿದವರು ಏಪ್ರಿಲ್‌ನಲ್ಲಿ ಸಿಇಟಿಗೆ ಕೂರುತ್ತಾರೆ. ಗಣಿತ ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ. ಪ್ರಶ್ನೆಗೆ ಎಂಬತ್ತು ಸೆಕೆಂಡು. ತಪ್ಪಿದರೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಗೊತ್ತಿಲ್ಲದಿದ್ದರೂ ಒಂದು ಗೋಲಕ್ಕೆ ಮಸಿ ಬಳಿದು ಬರುವುದು ಗೃಹಸ್ಥಧರ್ಮ. ಇಲ್ಲಿ ‘ಐ ಎಂದಿಟ್ಟುಕೊಳ್ಳೋಣ’ ಎಂದು ಶುರುಮಾಡಿದವನು ಉದ್ಧಾರವಾಗುವುದಿಲ್ಲ. ಸಿ ಆಪ್ಷನ್‌ನಲ್ಲಿ ಪೈ ಬೈ ಫೋರ್ ಇದ್ದರೆ ಬಳಿ, ಮುಂದೆ ನಡಿ. ಮಾರ್ಚ್‌ನಲ್ಲಿ ಒಂದು ಅಂಕದ ಯೋಗ್ಯತೆಯಷ್ಟೇ ಇದ್ದ ಉತ್ತರ ಏಪ್ರಿಲ್‌ನಲ್ಲಿ ಸರ್ವಸ್ವ. ಮಾರ್ಚ್‌ನಲ್ಲಿ ಸರ್ವಸ್ವವಾಗಿದ್ದ ಸ್ಟೆಪ್ಸು ಏಪ್ರಿಲ್‌ನಲ್ಲಿ ರಫ್ ವರ್ಕ್. ಆಯತ ಬರೆದ ಹುಡುಗ ಸಿಇಟಿ ಹಾಲಿನಲ್ಲಿ ಹತ್ತು ಸೆಕೆಂಡಿಗೆ ಬಳಿದು ಕೂತಿರುತ್ತಾನೆ. ಆಮೇಲೆ ಇಂಜಿನಿಯರಿಂಗ್ ರ‍್ಯಾಂಕ್ ಹಾಕುವಾಗ ಮಾರ್ಚ್‌ಗೆ ಅರ್ಧ ತೂಕ, ಏಪ್ರಿಲ್‌ಗೆ ಅರ್ಧ ತೂಕ ಕೊಟ್ಟು ಕೂಡಿಸುತ್ತಾರೆ. ಸ್ಟೆಪ್ಸು ಮುಖ್ಯವೋ ಉತ್ತರ ಮುಖ್ಯವೋ ಎಂಬ ಜಗಳಕ್ಕೆ ರಾಜ್ಯ ಸರ್ಕಾರದ ತೀರ್ಪು ಫಿಫ್ಟಿ ಫಿಫ್ಟಿ.

2023–24ರಿಂದ ಪಿಯುಸಿ ಗಣಿತದ ಪತ್ರಿಕೆ ನೂರರಿಂದ ಎಂಬತ್ತಕ್ಕೆ ಇಳಿದು, ಉಳಿದ ಇಪ್ಪತ್ತು ಕಾಲೇಜಿನ ಆಂತರಿಕ ಅಂಕವಾಗಿದೆ. ಕಿರುಪರೀಕ್ಷೆ, ಅಸೈನ್‌ಮೆಂಟ್, ಪ್ರಾಜೆಕ್ಟ್. ಅದರ ಬಗ್ಗೆ ಹೆಚ್ಚು ಬರೆಯುವುದಕ್ಕೆ ಏನೂ ಇಲ್ಲ. ತನ್ನ ಮಕ್ಕಳಿಗೆ ತಾನೇ ಕೊಡುವ ಇಪ್ಪತ್ತರಲ್ಲಿ ಹನ್ನೊಂದು ಕೊಟ್ಟ ಕಾಲೇಜು ಯಾವುದಾದರೂ ಇದ್ದರೆ ಅದರ ಮುಂದಿನ ವರ್ಷದ ಅಡ್ಮಿಷನ್ ನೋಡುವ ಕುತೂಹಲ ನನಗಿದೆ.

ಇಷ್ಟೆಲ್ಲ ನಿಖರತೆಯಿಂದ ಹಂತಹಂತವಾಗಿ ಕೊಟ್ಟ ಅಂಕಗಳನ್ನು ಕೊನೆಗೆ ಒಟ್ಟು ಕೂಡಿಸಬೇಕು. ಇಲ್ಲಿ ನಿಜವಾದ ಗಣಿತ ಶುರುವಾಗುತ್ತದೆ. ಗುಜರಾತಿನಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿಯ ಪತ್ರಿಕೆ ತಿದ್ದುವಾಗ ಅಂಕ ಕೂಡಿಸುವುದರಲ್ಲಿ ತಪ್ಪಿದ ಶಿಕ್ಷಕರಿಗೆ ದಂಡ ಹಾಕುತ್ತಾರೆ. 2024ರಲ್ಲಿ ಅಲ್ಲಿನ ಸರ್ಕಾರ ವಿಧಾನಸಭೆಗೆ ಕೊಟ್ಟ ಲೆಕ್ಕದಲ್ಲಿ, ಎರಡು ವರ್ಷಕ್ಕೆ ಹೀಗೆ ಸಿಕ್ಕಿಬಿದ್ದವರು 9,000ಕ್ಕೂ ಹೆಚ್ಚು, ದಂಡದ ಮೊತ್ತ ಒಂದೂವರೆ ಕೋಟಿ ರೂಪಾಯಿಗೂ ಹೆಚ್ಚು. ಆ ಮೊತ್ತವನ್ನು ಕೂಡಿಸಿದವರು ಯಾರೋ, ಅವರನ್ನು ಮತ್ತೊಬ್ಬರು ಪರಿಶೀಲಿಸಿದ್ದಾರೆಂದು ನಂಬೋಣ. ಅಂಥ ದಂಡದಲ್ಲಿ ಸ್ಟೆಪ್ ಮಾರ್ಕಿಂಗ್ ಇರಲಾರದು ಎಂದು ನನ್ನ ಅನುಮಾನ. ಸೂತ್ರ ಸರಿಯಾಗಿ ಹಾಕಿದ್ದೆ ಸ್ವಾಮಿ, ಕೊನೆಯಲ್ಲಿ ಕೂಡುವಾಗ ಮಾತ್ರ ತಪ್ಪಿತು, ಅರ್ಧ ದಂಡ ಮನ್ನಾ ಮಾಡಿ ಎಂದು ಕೇಳಿದರೆ ಯಾರು ಕೇಳುತ್ತಾರೆ?

ಇಂಥ ತಪ್ಪು ಹಿಡಿಯಬೇಕಾದರೆ ಪತ್ರಿಕೆ ನೋಡಬೇಕು. ಆದರೆ ತಿದ್ದಿದ ಪತ್ರಿಕೆಯನ್ನು ಬರೆದವರೇ ನೋಡುವಂತಿಲ್ಲ ಎಂಬುದು ನಮ್ಮಲ್ಲಿ ಬಹುಕಾಲ ನಡೆದುಬಂದ ಪದ್ಧತಿ. 1984ರಲ್ಲಿ ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮುದ್ರೆ ಒತ್ತಿತು: ಫಲಿತಾಂಶ ಒಂದು ಕಡೆ ಕೊನೆಗಾಣಬೇಕು, ಎಲ್ಲರೂ ಪತ್ರಿಕೆ ನೋಡುತ್ತೇನೆಂದು ಹೊರಟರೆ ಮುಗಿಯುವುದೇ ಇಲ್ಲ ಎಂಬುದು ಅದರ ಸಾರ. 2011ರ ಆಗಸ್ಟ್‌ನಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಅದೇ ಕೋರ್ಟ್, ಮಾಹಿತಿ ಹಕ್ಕು ಕಾಯ್ದೆ ಬಂದಮೇಲೆ ತಿದ್ದಿದ ಪತ್ರಿಕೆಯೂ ಮಾಹಿತಿಯೇ, ಬರೆದವರು ನೋಡಬಹುದು ಎಂದಿತು. ನೋಡುವುದು ಹಕ್ಕು. ನೋಡಿದ ಮೇಲೆ ಅಂಕ ಬದಲಾಗಬೇಕು ಎಂಬುದು ಹಕ್ಕಲ್ಲ, ಆಸೆ.

ನಮ್ಮ ರಾಜ್ಯದಲ್ಲಿ ಆ ಆಸೆಗೆ ದರಪಟ್ಟಿ ಇದೆ. ಸ್ಕ್ಯಾನ್ ಪ್ರತಿ ಬೇಕಾದರೆ ವಿಷಯವೊಂದಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ರೂಪಾಯಿ. ಬರೀ ಕೂಡುವುದನ್ನು ಮತ್ತೊಮ್ಮೆ ನೋಡಿ ಎಂದರೆ ಪುಕ್ಕಟೆ, ಅದು ಒಂದನೇ ಕ್ಲಾಸಿನ ಲೆಕ್ಕವಲ್ಲವೇ. ಇದಕ್ಕಿಂತ ಸೊಗಸು ಬಹುಕಾಲ ಚಾಲ್ತಿಯಲ್ಲಿದ್ದ ಆರು ಅಂಕದ ನಿಯಮ. ಮರುಮೌಲ್ಯಮಾಪನದಲ್ಲಿ ವ್ಯತ್ಯಾಸ ಆರು ಅಂಕ ಮುಟ್ಟಿದರೆ ಮಾತ್ರ ಹೊಸ ಅಂಕ. ಐದು ಹೆಚ್ಚಾದರೆ ಹಳೆಯದೇ ಗಟ್ಟಿ. ಅಂದರೆ ಇಡೀ ವೃತ್ತದ ವಿಸ್ತೀರ್ಣವನ್ನೇ ತಿದ್ದುವವರು ನೋಡದೆ ಪುಟ ಮಗುಚಿದ್ದರೂ ನಮ್ಮ ಮಂಡಳಿಯ ದೃಷ್ಟಿಯಲ್ಲಿ ಅದು ಲೆಕ್ಕಕ್ಕೆ ಬಾರದ ಕಿಂಚಿತ್ತು. ಒಂದು ಮೈನಸ್ ಚಿಹ್ನೆ ಬಿಟ್ಟ ಮಗುವಿಗೆ ಇಲ್ಲದ ಕ್ಷಮೆ ಮಂಡಳಿಗೆ ಐದು ಅಂಕದವರೆಗೆ ಇತ್ತು. ಮಿತಿ ಅಂದರೇನು, ಎಷ್ಟು ಸಣ್ಣದಾದರೆ ಸಣ್ಣದು ಎಂದು ಕ್ಲಾಸಿನಲ್ಲಿ ಎಪ್ಸಿಲಾನ್ ಹಿಡಿದು ಒದ್ದಾಡುವ ಉಪನ್ಯಾಸಕರು ಇದನ್ನೇ ಉದಾಹರಣೆ ಕೊಡಬಹುದಿತ್ತು.

ಆಯತ ಬರೆದ ಹುಡುಗನ ಅಪ್ಪ 530 ಕಟ್ಟಿ ಪ್ರತಿ ತರಿಸಿಕೊಂಡರು ಎಂದು ಕಥೆಯನ್ನು ಮುಂದುವರಿಸಬಹುದು. ಅವರಿಗೆ ಅನುಕಲನ ಗೊತ್ತಿಲ್ಲ. ಆಯತ ಗೊತ್ತು, ಅರ್ಧ ಗೊತ್ತು, ಸೈಟು ಅಳೆಸಿದವರು. ಹಾಳೆ ತಿರುಗಿಸಿದರು, ಮತ್ತೆ ತಿರುಗಿಸಿದರು. “ಸರಿಯಾಗೇ ಇದೆಯಲ್ಲೋ ಇದು!” ಎಂದರು. 1,670 ಕಟ್ಟಿದರು. ಪತ್ರಿಕೆ ಇನ್ನೊಂದು ಕ್ಯಾಂಪಿಗೆ, ಇನ್ನೊಬ್ಬರ ಕೈಗೆ, ಅದೇ ಸ್ಕೀಮಿನ ಜೊತೆ ಹೋಯಿತು. ಬದಲಾವಣೆ ಇಲ್ಲ ಎಂದು ಉತ್ತರ ಬಂತು. ಅವರು ಸುಮ್ಮನಿರುವ ಜಾತಿಯವರಲ್ಲ, ಪ್ರತಿ ಹಿಡಿದುಕೊಂಡು ಊರಿನ ಹೆಸರುವಾಸಿ ಟ್ಯೂಷನ್ ಮೇಷ್ಟ್ರ ಹತ್ತಿರ ಹೋದರು. ಈ ವರ್ಷ ಮಗಳೂ ಸೆಕೆಂಡ್ ಪಿಯುಸಿ, ಅವಳನ್ನೂ ಕರೆದುಕೊಂಡು ಹೋಗಿದ್ದರು.

ಮೇಷ್ಟ್ರು ಪುಟವನ್ನು ತುಂಬ ಹೊತ್ತು ನೋಡಿದರು. ಅವರಿಗೆ ಅರ್ಥವಾಗಿತ್ತು, ಮುಖ ಅರಳಿದ್ದೇ ಹೇಳುತ್ತಿತ್ತು. ಆಮೇಲೆ ಸಾವರಿಸಿಕೊಂಡು ಬಾಲ್‌ಪೆನ್ನಿನ ಹಿಂಬದಿಯಿಂದ ಆ ಆಯತವನ್ನು ಕುಟ್ಟಿ ಹೇಳಿದರು:

“ಬುದ್ಧಿವಂತ ಇದಾನೆ ಸಾರ್ ನಿಮ್ಮ ಮಗ, ಅದೇ ತೊಂದ್ರೆ. ನೋಡಮ್ಮಾ, ನೀನು ಹಿಂಗೆಲ್ಲ ಮಾಡಕ್ಕೆ ಹೋಗ್ಬೇಡ. ಇಂಟಿಗ್ರಲ್‌ಗೆ ಬರೀ ಸ್ಟೆಪ್ಸ್ ಹಾಕು. ಚಿತ್ರ ಬರಿಲೇಬೇಕು ಅನ್ನೋ ಆಸೆ ಇದ್ರೆ ದೀರ್ಘವೃತ್ತದ ಏರಿಯಾ ಬರುತ್ತಲ್ಲ, ಅಲ್ಲಿ ಬರಿ. ಅಲ್ಲಿ ಚಿತ್ರಕ್ಕೆ ಒಂದು ಮಾರ್ಕ್ಸ್ ಇದೆ.”